ಸೈಡ್ ವಿಂಗಿನಲ್ಲಿ ಕುಣಿದವನು

ಬಿಸಿ ರಾಗಿ ಹಿಟ್ಟಿನ ವಾಸನೆ ಮೂಗಿಗೆ ಬಿದ್ದರೆ ಎಲ್ಲರಿಗೂ ಮುದ್ದೆ ನೆನಪಾಗುತ್ತದೆ. ನನಗೆ ಮಾಡರ್ನ್ ಡ್ಯಾನ್ಸ್ ನೆನಪಾಗುತ್ತದೆ. ಮೊನ್ನೆ ಮಲ್ಲತ್ತಹಳ್ಳಿಯ ಹಿಟ್ಟಿನ ಗಿರಣಿಯ ಮುಂದೆ ಡಬ್ಬ ಹಿಡಿದು ನಿಂತಿದ್ದೆ. ಬಲಗಾಲು ತಾನಾಗಿಯೇ ಒಂದರಿಂದ ಎಂಟರವರೆಗೆ ಎಣಿಸತೊಡಗಿತು. ಹಿಂದಿದ್ದ ಹೆಂಗಸು ಕಾಲು ಜೋಮು ಹಿಡಿದಿದೆಯೇ ಎಂದು ಕನಿಕರದಿಂದ ವಿಚಾರಿಸಿದರು. ಹೌದು ಎಂದೆ. ನಿಜ ಹೇಳಲು ಹೊರಟಿದ್ದರೆ ಅವರ ಸರದಿ ತಪ್ಪಿಹೋಗುತ್ತಿತ್ತು. ನಿಮಗೆ ಪುರುಸೊತ್ತಿರುವಂತೆ ಕಾಣುತ್ತದೆ, ನಿಮಗೆ ಹೇಳುತ್ತೇನೆ.

ಹನ್ನೆರಡು ವರ್ಷದ ಹಿಂದೆ ಬಸವೇಶ್ವರನಗರದಲ್ಲಿ ಇಂಥದೇ ಒಂದು ಗಿರಣಿಯ ಮೇಲಿನ ಮಹಡಿಯಲ್ಲಿ ನನ್ನ ಡ್ಯಾನ್ಸ್ ಕ್ಲಾಸು ನಡೆಯುತ್ತಿತ್ತು. ಬೋರ್ಡು ನೋಡಿ ಬಂದ ತಾಯಂದಿರು ಮೊದಲು ಕೇಳುತ್ತಿದ್ದುದು ಯಾವ ಸಿನಿಮಾದ ಹಾಡು ಹೇಳಿಕೊಡುತ್ತೀರಿ ಎಂದು. ಹಾಡಿಗೆ ಕೈಕಾಲು ಆಡಿಸುವುದಲ್ಲ, ದೇಹಕ್ಕೆ ಯೋಚಿಸುವುದನ್ನು ಕಲಿಸುತ್ತೇನೆ ಎಂದು ನಾನು ಗಡ್ಡ ಸವರುತ್ತಾ ಹೇಳುತ್ತಿದ್ದೆ. ಅರ್ಧ ಜನ ಅಲ್ಲೇ ಮೆಟ್ಟಿಲಿಳಿಯುತ್ತಿದ್ದರು. ಒಬ್ಬ ತಾಯಿ ಮಾತ್ರ ಹಾಗಾದರೆ ಗಣಿತಕ್ಕೆ ಅನುಕೂಲವಾಗಬಹುದೇ ಎಂದು ಕೇಳಿ, ಮಗಳನ್ನು ಸೇರಿಸಿ ಹೋದರು. ಆ ಮಗಳೇ ಸಿಂಚನ, ಹತ್ತು ವರ್ಷದವಳು.

ಸಂಜೆ ಐದರಿಂದ ಏಳರವರೆಗೆ ನನ್ನ ಕ್ಲಾಸು. ಗಿರಣಿಗೂ ಅದೇ ಭರಾಟೆಯ ಹೊತ್ತು. ಕೆಳಗೆ ಯಂತ್ರ ಶುರುವಾದರೆ ಮೇಲೆ ನನ್ನ ಟೇಪ್‌ರೆಕಾರ್ಡರು ಬಾಯಿ ಬಿಟ್ಟದ್ದೂ ಗೊತ್ತಾಗುತ್ತಿರಲಿಲ್ಲ. ಒಂದು ತಿಂಗಳು ಕಿರುಚಿ ಗಂಟಲು ಕೆಟ್ಟಮೇಲೆ ಸಂಗೀತವನ್ನೇ ಕೈಬಿಟ್ಟೆ. ನೆಲ ಸದಾ ಗಡಗಡ ಅದುರುತ್ತಿತ್ತಲ್ಲ, ಮಕ್ಕಳು ಅಂಗಾಲಿನಿಂದಲೇ ಆ ಅದುರನ್ನು ಹಿಡಿದು ಕುಣಿಯತೊಡಗಿದರು. ಹೀಗೆ ಹುಟ್ಟಿತು ನನ್ನ ಎಂಟು ನಿಮಿಷದ ಮೌನ ನೃತ್ಯ. ಹೆಸರು 'ಹುಡುಕಾಟ'. ಮಾಡರ್ನ್ ಡ್ಯಾನ್ಸಿಗೆ ಇಂಥ ಹೆಸರಿದ್ದರೆ ಏನನ್ನು ಹುಡುಕುತ್ತಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಮೌನವೇ ಪರಮ ಸಂಗೀತ ಎಂದು ಸಿಕ್ಕವರಿಗೆಲ್ಲ ಭಾಷಣ ಬಿಗಿದೆ, ಗಿರಣಿಯ ಸುದ್ದಿ ಎತ್ತಲಿಲ್ಲ.

ನನಗೆ ಒಂದು ಕೆಟ್ಟ ಚಾಳಿಯಿತ್ತು. ಮಕ್ಕಳು ಸ್ಟೇಜಿನ ಮೇಲೆ ಕುಣಿಯುವಾಗ ನಾನು ಪಕ್ಕದ ಪರದೆಯ ಮರೆಯಲ್ಲಿ, ಸೈಡ್ ವಿಂಗಿನಲ್ಲಿ ನಿಂತು ಇಡೀ ನೃತ್ಯವನ್ನು ಹೊಟ್ಟೆ ಕುಲುಕಿಸುತ್ತಾ ಕುಣಿಯುತ್ತಿದ್ದೆ. ಮಕ್ಕಳು ಜನರನ್ನು ನೋಡದೆ ನನ್ನನ್ನೇ ನೋಡಿಕೊಂಡು ನಕಲು ಹೊಡೆಯುತ್ತಿದ್ದರು. ಒಂಬತ್ತು ಮಕ್ಕಳ ಕತ್ತೂ ಒಂದೇ ಕಡೆ ತಿರುಗಿರುವುದನ್ನು ಕಂಡು ಹಿರಿಯರೊಬ್ಬರು ಆ ಕಡೆ ಊಟ ಬಡಿಸುತ್ತಿದ್ದಾರೆಯೇ ಎಂದು ಕೇಳಿದ್ದರು. ನಾನಿಲ್ಲದಿದ್ದರೆ ಮಕ್ಕಳು ಎಡವುತ್ತಾರೆ ಎನ್ನುವುದು ನನ್ನ ಭಯ. ಎಡವದಿದ್ದರೆ ನಾನೇಕೆ ಬೇಕು ಎನ್ನುವುದು ಅದಕ್ಕಿಂತ ದೊಡ್ಡ ಭಯ. ಎರಡನೆಯದನ್ನು ಆಗ ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಆ ವರ್ಷ ವಿಜಯನಗರದ ಒಂದು ಬಡಾವಣೆಯ ರಾಜ್ಯೋತ್ಸವದಲ್ಲಿ ನಮಗೆ ಅವಕಾಶ ಸಿಕ್ಕಿತು. ಇದು ಚೆನ್ನಾಗಿ ಆಗದಿದ್ದರೆ ಮಕ್ಕಳನ್ನು ಸಿನಿಮಾ ಡ್ಯಾನ್ಸಿನ ಕ್ಲಾಸಿಗೆ ಹಾಕುತ್ತೇವೆಂದು ಪೋಷಕರು ನಯವಾಗಿಯೇ ತಿಳಿಸಿದ್ದರು. ಸೌಂಡು, ಲೈಟು ಎಲ್ಲ ನಾಯಂಡಹಳ್ಳಿಯ ಮರಿಸ್ವಾಮಿಯವರದು. ಆಳೆತ್ತರದ ಬಾಕ್ಸುಗಳ ಮೇಲೆ ಹಳದಿ ಬಣ್ಣದಲ್ಲಿ ಅವರ ಹೆಸರು. ಪೆನ್‌ಡ್ರೈವ್ ಕೊಡಿ ಎಂದರು. ನಮ್ಮದಕ್ಕೆ ಹಾಡಿಲ್ಲ ಎಂದೆ. ಮೊಬೈಲಿನಲ್ಲಿ ಇದೆಯೇ ಎಂದರು. ಎಲ್ಲಿಯೂ ಇಲ್ಲ ಎಂದೆ. "ಪರ್ವಾಗಿಲ್ಲ ಸಾರ್, ಹಾಡು ಬಂದ್ಮೇಲೆ ಹಾಕೋಣ" ಎಂದು ನನಗೇ ಧೈರ್ಯ ಹೇಳಿ ಹೋದರು.

ನೃತ್ಯ ಶುರುವಾಯಿತು. ಒಂದು ನಿಮಿಷ ಜನ ಸುಮ್ಮನಿದ್ದರು. ಆಮೇಲೆ ಯಾರೋ "ಸೌಂಡು" ಎಂದರು. ಕುರ್ಚಿಗಳಲ್ಲಿದ್ದವರೆಲ್ಲ ಹಿಂದಕ್ಕೆ ತಿರುಗಿ ಮರಿಸ್ವಾಮಿಯವರನ್ನು ನೋಡಿದರು. ತನ್ನ ಹೆಸರು ಬರೆದ ಬಾಕ್ಸು ಊರ ಮುಂದೆ ಮೂಗನಂತೆ ನಿಂತರೆ ಯಾವ ಮನುಷ್ಯ ಸಹಿಸುತ್ತಾನೆ ಹೇಳಿ. ಅವರು ಟೆಸ್ಟರ್ ಹಿಡಿದು, ಬಗ್ಗಿಕೊಂಡು, ವೈರನ್ನೇ ಹಿಂಬಾಲಿಸುತ್ತಾ ಸ್ಟೇಜು ಹತ್ತಿದರು. ಹತ್ತಿದವರು ನನ್ನ ವಿಂಗಿಗೆ ಸರಿಯಾಗಿ ಅಡ್ಡ ನಿಂತರು. ಗೋಡೆಯಂಥ ಆಳು. ಪಕ್ಕಕ್ಕೆ ಸರೀರಿ ಎಂದು ನಾನು ಪಿಸುಗುಟ್ಟಿದರೆ, "ಕರೆಂಟ್ ಬರ್ತಾ ಇದೆ ಸಾರ್, ಸೌಂಡೇ ಬರ್ತಾ ಇಲ್ಲ" ಎಂದು ಪಿಸುಗುಟ್ಟಿದರು. ಆ ಕಡೆಯ ವಿಂಗಿಗೆ ಓಡೋಣವೆಂದರೆ ಅಲ್ಲಿ ಅವರದೇ ಬಾಕ್ಸುಗಳು.

ಸಿಂಚನ ನನ್ನನ್ನು ನೋಡಲು ತಿರುಗಿದಳು. ಕಂಡದ್ದು ಮರಿಸ್ವಾಮಿಯವರ ಅಂಗಿ. ಅವಳು ನಿಂತಳು, ಒಂಬತ್ತೂ ಮಕ್ಕಳು ನಿಂತುಬಿಟ್ಟರು. ನೋಡಿದಿರಾ, ನಾನಿಲ್ಲದಿದ್ದರೆ ಆಗುವುದಿಲ್ಲ ಎಂದು ಆ ಗಳಿಗೆಯಲ್ಲೂ ನನ್ನೊಳಗೆ ಒಂದು ಸಣ್ಣ ಹಿಗ್ಗು ಎದ್ದಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಆಮೇಲೆ ಅವಳು ಪಕ್ಕದ ಹುಡುಗನನ್ನು ನೋಡಿದಳು. ಹಿಮ್ಮಡಿಯಿಂದ ಹಲಗೆಯನ್ನು ಧಡ್ಡೆಂದು ಒದ್ದಳು. ಅವನೂ ಒದ್ದ. ಸ್ಟೇಜು ಅದುರಿತು. ಮಿಕ್ಕವರ ಕಾಲಿಗೆ ಲೆಕ್ಕ ಸಿಕ್ಕಿಬಿಟ್ಟಿತು. ಮರಿಸ್ವಾಮಿಯವರನ್ನೇ ನಡುವಿಟ್ಟುಕೊಂಡು, ಅವರ ವೈರನ್ನು ದಾಟುತ್ತಾ, ಅದರ ಕೆಳಗೆ ನುಸುಳುತ್ತಾ ಸುತ್ತತೊಡಗಿದರು. ಆ ಸುತ್ತು ನಾನು ಹೇಳಿಕೊಟ್ಟದ್ದಲ್ಲ. ಮರಿಸ್ವಾಮಿಯವರು ಒಂದೊಂದು ಮಗುವಿಗೂ ಸಾರಿ ಪುಟ್ಟ, ಸಾರಿ ಪುಟ್ಟ ಎನ್ನುತ್ತಾ ದಾರಿ ಬಿಡುತ್ತಿದ್ದರು. ಕೊನೆಗೆ ಮಕ್ಕಳೆಲ್ಲ ಕೂತಾಗ ತಾವೂ ಕೂತರು. ಚಪ್ಪಾಳೆ ಬಿತ್ತು. ನನಗೆ ಸಂತೋಷವಾಗಲಿಲ್ಲ, ಹೊಟ್ಟೆಕಿಚ್ಚಾಯಿತು. ಎತ್ತಿದ್ದ ನನ್ನ ಎರಡು ಕೈಗಳೂ ಎತ್ತಿದಂತೆಯೇ ಇದ್ದವು.

ಅಧ್ಯಕ್ಷರು ಭಾಷಣದಲ್ಲಿ ಎಲೆಕ್ಟ್ರಿಷಿಯನ್ ಪಾತ್ರಧಾರಿಯ ಸಹಜ ಅಭಿನಯವನ್ನು ಮೂರು ಸಲ ಮೆಚ್ಚಿ ಶಾಲು ಹೊದಿಸಿದರು. ಮರಿಸ್ವಾಮಿಯವರು ಶಾಲು ಹೊದ್ದುಕೊಂಡೇ ನನ್ನ ಹತ್ತಿರ ಬಂದು, ಸೆಟ್ಟಿನಲ್ಲಿ ದೋಷವಿರಲಿಲ್ಲವೆಂದು ಒಂದು ಮಾತು ಮೈಕಿನಲ್ಲಿ ಹೇಳಬೇಕೆಂದು ಕೇಳಿಕೊಂಡರು. ಹೇಳಿದೆ. ನನ್ನ ಕಲಾಜೀವನದ ಮೊದಲ ಸಾರ್ವಜನಿಕ ಹೇಳಿಕೆ ಅದು.

ಮನೆಗೆ ಹೊರಡುವಾಗ ಸಿಂಚನಳಿಗೆ ನಾನು ಕಾಣದೆ ಭಯವಾಯಿತೇ ಎಂದು ಕೇಳಿದೆ. ಹೌದು ಅನ್ನಲಿ ಎಂದು ಆಸೆಯಿತ್ತು. "ಇಲ್ಲ ಸಾರ್" ಎಂದಳು. "ನೀವು ಕಾಣ್ತಾ ಇದ್ರೇನೇ ಭಯ. ತಪ್ಪಾದಾಗ ನಿಮ್ ಮುಖ ಒಂಥರಾ ಆಗುತ್ತೆ."

ಆ ಮಾತು ಅರಗಿಸಿಕೊಳ್ಳಲು ನನಗೆ ವರ್ಷಗಳೇ ಬೇಕಾದವು. ಚಾಳಿಯೂ ಒಂದೇ ದಿನಕ್ಕೆ ಬಿಡಲಿಲ್ಲ. ಮೊದಲು ವಿಂಗಿನಲ್ಲಿ ಕೈಕಟ್ಟಿ ನಿಂತೆ, ಆಮೇಲೆ ಬೆನ್ನು ಹಾಕಿ ನಿಂತೆ, ಆಮೇಲೆ ಕೆಳಗಿಳಿದೆ.

ಹೋದ ಭಾನುವಾರ ನನ್ನ ಈಗಿನ ಮಕ್ಕಳ ಕಾರ್ಯಕ್ರಮವಿತ್ತು. ಆರನೇ ಸಾಲಿನಲ್ಲಿ, ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದೆ. ನಡುವೆ ಒಬ್ಬ ಪುಟ್ಟ ಹುಡುಗ ಹೆಜ್ಜೆ ಮರೆತು ವಿಂಗಿನ ಕಡೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ. ನನಗೆ ಎದ್ದು ವಿಂಗಿಗೆ ಓಡುವಂತಾಯಿತು. ಅವನು ಪಕ್ಕದವಳನ್ನು ನೋಡಿದ, ಸ್ವಲ್ಪ ನಕ್ಕ, ತನಗೆ ತೋಚಿದ್ದೊಂದು ಹೆಜ್ಜೆ ಹಾಕಿ ಸಾಲಿಗೆ ಸೇರಿಕೊಂಡ.

ಪಕ್ಕದ ಕುರ್ಚಿಯ ಅಪರಿಚಿತ ತಾಯಿಯೊಬ್ಬರು ನನ್ನ ಕಡೆ ಬಾಗಿ, "ಎಷ್ಟ್ ಚೆನ್ನಾಗ್ ಮಾಡ್ತಾವೆ ಅಲ್ವಾ ಸಾರ್. ಯಾರ್ ಹೇಳ್ಕೊಟ್ಟಿರೋದು?" ಎಂದರು.

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. "ಯಾರೋ ಇರ್ಬೇಕಮ್ಮ" ಎಂದೆ.