ನೋಣಯ ಮಾಸ್ಟ್ರು ಕೇಳಿದ ಒಂದು ಮಾತು

ಸೌದಿಯ ಅಲ್ ಅಹ್ಸಾದ ಖರ್ಜೂರದ ತೋಟದಲ್ಲಿ ಊರಿನವರೆಲ್ಲ ಸೇರಿದ್ದ ದಿನ ತಮ್ಮೂರಿನವನೇ ಆದ ಅಕ್ಷಯ್ ಮಾಡಿದ್ದನ್ನು ನೋಣಯ ಮಾಸ್ಟ್ರು ಇವತ್ತಿಗೂ ಮರೆತಿಲ್ಲ. ಸನ್ಮಾನ ಅಂತ ಕರೆಸಿ, ಶಾಲು ಹೊದೆಸಿ, ಅದು ಹೆಗಲ ಮೇಲೆ ಸರಿಯಾಗಿ ಕೂರುವ ಮೊದಲೇ ಕೈಗೆ ಡೋಲು ಕೊಟ್ಟಿದ್ದ.

“ಬಾರಿಸಿ ನೋಣಯಣ್ಣ, ನಿಮ್ಮ ಡೋಲು ಕೇಳದೆ ಎಷ್ಟು ವರ್ಷ ಆಯ್ತು!”

“ನೀನು ಯಾವಾಗ ಕೇಳಿದ್ದು ಮಾರಾಯ? ನಾನು ಪಾಠ ಮಾಡಿದವ.”

ಎಲ್ಲರೂ ನಕ್ಕರು. ನೋಣಯ ಕೊರಗ ಜಾತಿಯವರು; ಕೊರಗ ಎಂದರೆ ಡೋಲು, ಅಷ್ಟೇ ಗೊತ್ತು ಅವರಿಗೆ.

ಉಡುಪಿ ಕಡೆಯ ಒಂದು ಆಶ್ರಮ ಶಾಲೆಯಲ್ಲಿ ಕೊರಗ ಮಕ್ಕಳಿಗೆ ಕಲಿಸುತ್ತಿದ್ದವರು ನೋಣಯ. ಆ ಕೆಲಸ ಹೊಟ್ಟೆ ತುಂಬಿಸದೆ, ೨೦೧೪ರಲ್ಲಿ ಸೌದಿಯ ರಾಸ್ ಅಲ್ ಖೈರ್‌ನ ಪ್ರಾಜೆಕ್ಟಿಗೆ ಬಂದು ಸ್ಟೋರ್ ಕೀಪರ್ ಆದರು. ಪಾಠ ಮಾತ್ರ ಬಿಡಲಿಲ್ಲ. ಶುಕ್ರವಾರ ರೂಮಿನ ಬ್ಯಾರಿಗಳೆಲ್ಲ ಜುಮಾ ನಮಾಜಿಗೆ ಹೋದ ಮೇಲೆ, ಸ್ವರ ಸ್ಪಷ್ಟ ಇರಲಿ ಅಂತ ಎಸಿ ಆರಿಸಿ, ಬೆವರು ಸುರಿಸುತ್ತ ಫೋನಿಗೆ ಕೊರಗ ಭಾಷೆಯಲ್ಲಿ ಕತೆ ಹೇಳುವರು. ಹೆಂಡತಿ ಸ್ವರ್ಣಲತಾ ಅದೇ ಶಾಲೆಯಲ್ಲಿ ಅಡುಗೆಯವಳು. ವಾಟ್ಸಾಪಿನಲ್ಲಿ ಬಂದದ್ದನ್ನು ಮಕ್ಕಳಿಗೆ ಕೇಳಿಸುವಳು. ಬಸ್ಸಿನಲ್ಲಿ ಆ ಭಾಷೆ ಆಡಲು ನಾಚುತ್ತಿದ್ದ ಮಕ್ಕಳು ಈಗ ಅದರಲ್ಲೇ ಜಗಳ ಆಡುತ್ತವಂತೆ.

ಒಂದು ಶುಕ್ರವಾರ ಅಜಲಿನ, ಅಂದರೆ ಕೊರಗರ ಮೇಲೆ ಹೇರಿದ್ದ ಹಳೆಯ ಕಟ್ಟಳೆಯ ಕತೆ ಹೇಳಿದರು. ಊರಿನ ಜಮೀನ್ದಾರರಾಗಿದ್ದ ಅಕ್ಷಯ್‌ನ ಗುತ್ತಿನ ಮನೆಯಲ್ಲಿ, ಅವನ ಅಜ್ಜನ ಕಾಲದಲ್ಲಿ, ಯಾರಿಗೋ ಕಾಯಿಲೆ ಬಂದಾಗ, ಅವರ ಕೂದಲು ಉಗುರು ಅನ್ನಕ್ಕೆ ಬೆರೆಸಿ ನೋಣಯರ ತಾಯಿಗೆ ತಿನ್ನಿಸಿದ್ದರು, ಕಾಯಿಲೆ ಅವಳಿಗೆ ಹೋಗಲಿ ಅಂತ. ಮಕ್ಕಳು ತಿರುಗಿ ಕೇಳಿದವು: “ಅವರು ತಪ್ಪಾಯ್ತು ಅಂದ್ರಾ ಸಾರ್?”

ಅಕ್ಷಯ್ ಮಾಸ್ಟ್ರ ಲೇಬರ್ ಕ್ಯಾಂಪಿನಲ್ಲೇ ಇದ್ದ. ಮಾಸ್ಟ್ರು ಅವನನ್ನು ಮೆಸ್ಸಿನಲ್ಲಿ ಹಿಡಿದು ಮಕ್ಕಳ ಪ್ರಶ್ನೆ ಹೇಳಿದರು.

“ಅಜ್ಜ ಮಾಡಿದ್ದಕ್ಕೆ ನಾನು ಎಂತ ಮಾಡ್ಲಿ ನೋಣಯಣ್ಣ? ನಾನು ನಿಮ್ಮೊಟ್ಟಿಗೇ ಉಣ್ಣುವುದಿಲ್ವಾ?”

“ಅದು ನನಗೆ ಗೊತ್ತುಂಟು, ಮಕ್ಕಳಿಗೆ ಗೊತ್ತಿಲ್ಲ. ನಮ್ಮ ಮನೆಯವರು ಮಾಡಿದ್ದು ತಪ್ಪು ಅಂತ ಫೋನಿಗೆ ಹೇಳು. ಸಾಕು.”

ಬಡಿಸುತ್ತಿದ್ದ ಅಡುಗೆಯ ಇದಿನಬ್ಬ ಸೌಟು ಎತ್ತಿದ. “ಹೇಳು ಮಾರಾಯ, ನಾಲಿಗೆ ಆಡಿಸ್ಲಿಕ್ಕೂ ಕಫೀಲ್ ಧಣಿಯ ಪರ್ಮಿಶನ್ ಬೇಕಾ?”

ಬರುವ ಶುಕ್ರವಾರ ಅಂದ ಅಕ್ಷಯ್. ಆ ಶುಕ್ರವಾರ ಓವರ್‌ಟೈಮ್. ಮತ್ತೊಂದು ಸಲ ಗಂಟಲು ನೋವು. ಆಮೇಲೆ, ಮನೆಯ ಹಿರಿಯರಿಗೆ ಗೊತ್ತಾದರೆ ರಗಳೆ ಅಂದ. ಪ್ರತಿ ವಾರ ಮಕ್ಕಳು ಕೇಳುತ್ತಿದ್ದವು, ಮಾಸ್ಟ್ರು ಇನ್ನೊಂದು ಕತೆ ಹೇಳಿ ಮರೆಸುತ್ತಿದ್ದರು. ಅಕ್ಷಯ್‌ನನ್ನು ಕೇಳಿ ಕೇಳಿ ಮಾಸ್ಟ್ರಿಗೇ ಸಾಕಾಗಿತ್ತು.

ಪ್ರಾಜೆಕ್ಟ್ ಮುಗಿದು ಅಕ್ಷಯ್‌ಗೆ ಊರಿಗೆ ಮರಳುವ ಎಕ್ಸಿಟ್ ವೀಸಾ ಬಂತು. ಬಸ್ ಹತ್ತುವಾಗ ತಬ್ಬಿಕೊಂಡ. “ಶಾಲೆಗೇ ಹೋಗಿ ಹೇಳ್ತೇನೆ, ಆಯ್ತಾ?”

ಹೋದದ್ದೂ ನಿಜ. ಸ್ವರ್ಣಲತಾ ತಿಳಿಸಿದಳು: ಲಾಡು ತಂದಿದ್ದ, ಮಕ್ಕಳೆಲ್ಲರಿಗೂ ಹೊಸ ಬ್ಯಾಗು ಕೊಟ್ಟ, ಫೋಟೊ ತೆಗೆಸಿಕೊಂಡ.

“ಎಂತ ಹೇಳಿದ?” ಮಾಸ್ಟ್ರು ಕೇಳಿದರು.

“ಚೆನ್ನಾಗಿ ಓದಿ ಅಂದ.”

ಓದಿ ಅನ್ನಲಿಕ್ಕೆ ಅಲ್ಲಿ ಮಾಸ್ಟ್ರುಗಳಿಗೇನು ಬರವೇ? ತಪ್ಪಾಯ್ತು ಎಂಬ ಆ ಒಂದು ಮಾತು ಗುತ್ತಿನ ಮನೆಯಿಂದ ಇನ್ನೂ ಬರಬೇಕಾದದ್ದೇ.