ಮಾರಾಟಕ್ಕಿಟ್ಟ ಅಣ್ಣ

ಸತ್ತವರ ಮುಖ ಬರೆಯುವುದು ಹ್ವಾನ್‌ನ ಕಸುಬು. ನಾಮ್ ದಿನ್ ಊರಿನಲ್ಲಿ ಯಾರ ಮನೆಯ ಹಿರಿಯರ ಪೂಜೆಯ ಪೀಠ ನೋಡಿದರೂ ಅಲ್ಲಿ ಅವನ ಕೈಯೋ ಅವನಪ್ಪನ ಕೈಯೋ ಕಾಣುತ್ತದೆ. ಗುರುತಿನ ಚೀಟಿಯಿಂದ ಕಿತ್ತ ಉಗುರಿನಷ್ಟು ಫೋಟೊ ತಂದುಕೊಟ್ಟರೆ ಸಾಕು, ದೀಪದ ಮಸಿಯನ್ನು ಒಣ ಕುಂಚದಲ್ಲಿ ತೀಡಿ ತೀಡಿ ಮೊಳದುದ್ದದ ಚಿತ್ರ ಮಾಡಿಕೊಡುತ್ತಾನೆ. ಫೋಟೊವೇ ಇಲ್ಲದವರೂ ಬರುತ್ತಾರೆ. ಆಗ ಮನೆಯವರನ್ನೆಲ್ಲ ಎದುರು ಕೂರಿಸಿಕೊಂಡು ಕೇಳುತ್ತಾನೆ, ಮೂಗು ಯಾರದು, ಕಿವಿ ಯಾರ ಹಾಗೆ ಎಂದು. ಮಗನ ಹಣೆ, ಮಗಳ ಗಲ್ಲ, ತಂಗಿಯ ಹುಬ್ಬು ಎಂದು ಬದುಕಿರುವವರಿಂದ ಒಂದೊಂದನ್ನೇ ಕಡ ತಂದು ಸತ್ತವರನ್ನು ಕೂಡಿಸುತ್ತಾನೆ.

ಅಂಥವನಿಗೆ ಈಚೆಗೆ ಒಂದು ಕಾಟ ಹತ್ತಿಕೊಂಡಿತ್ತು. ಯಾರನ್ನು ಬರೆದರೂ ಬಾಯಿ ಮಾತ್ರ ಅವನ ಅಣ್ಣನದಾಗುತ್ತಿತ್ತು. ಎಂಬತ್ತು ದಾಟಿದ ಮುದುಕನನ್ನು ಬರೆದರೂ ತುಟಿಯ ಎಡಮೂಲೆ ಇಪ್ಪತ್ತರ ಹುಡುಗನ ಹಾಗೆ ಒಂದಿಷ್ಟು ಮೇಲೆದ್ದು, ಈಗಲೇ ಏನೋ ತಮಾಷೆ ಮಾಡುವಂತೆ ನಿಲ್ಲುತ್ತಿತ್ತು. ಒರೆಸಿ ಬರೆದರೂ ಅದೇ. ಗಿರಾಕಿಗಳು ಚಿತ್ರ ಹಿಡಿದುಕೊಂಡು ಬಾಗಿಲಲ್ಲೇ ತಡೆಯುತ್ತಿದ್ದರು.

"ಎಲ್ಲ ಸರಿಯಿದೆ ಚಿಕ್ಕಪ್ಪ. ಬಾಯೊಂದು ನಮ್ಮಪ್ಪಂದಲ್ಲ."

ಅಪ್ಪನಲ್ಲದವನಿಗೆ ಊದುಬತ್ತಿ ಹಚ್ಚಲು ಯಾರು ಒಪ್ಪುತ್ತಾರೆ? ಒಬ್ಬೊಬ್ಬರಾಗಿ ವಾಪಸು ಹೋಗತೊಡಗಿದರು.

ಅಣ್ಣ ದಾತ್ ಇಪ್ಪತ್ತನೇ ವಯಸ್ಸಿಗೆ ಯುದ್ಧಕ್ಕೆ ಹೋದಾಗ ಹ್ವಾನ್ ಇನ್ನೂ ಅಂಗಳದಲ್ಲಿ ಗೋಲಿ ಆಡುವ ಹುಡುಗ. ಹೋದವನು ಬರಲಿಲ್ಲ. ಸತ್ತನೆಂದು ಕಾಗದ ಬಂತು, ಎಲ್ಲಿ, ಯಾವ ದಿನ ಎಂದು ಬರಲಿಲ್ಲ. ತಾಯಿ ಅದನ್ನು ನಂಬಲೇ ಇಲ್ಲ. ಗೋರಿಯಿಲ್ಲ, ದಿನ ಗೊತ್ತಿಲ್ಲ, ಮೇಲಿನವರು ಹೇಳಿದರೆಂದು ಮಗನನ್ನು ಕೊಂದುಕೊಳ್ಳಲೇ ಎಂದು ಕೇಳಿದಳು. ಪ್ರತಿ ರಾತ್ರಿ ಊಟದ ಚಾಪೆಯ ಮೇಲೆ ಅವನ ಬಟ್ಟಲು, ಅವನು ಉಣ್ಣುವ ಜೋಡಿ ಕಡ್ಡಿ ಇಟ್ಟೇ ಇಟ್ಟಳು. ಕಿರಿಯರು ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ಕರೆದ ಮೇಲೆಯೇ ತುತ್ತು ಎತ್ತಬೇಕಲ್ಲ. ಹ್ವಾನ್ "ಅಪ್ಪ, ಊಟ ಮಾಡಿ. ಅಮ್ಮ, ಊಟ ಮಾಡಿ" ಎಂದಾದ ಮೇಲೆ ಖಾಲಿ ಬಟ್ಟಲಿನ ಕಡೆ ತಿರುಗಿ "ಅಣ್ಣ, ಊಟ ಮಾಡು" ಅನ್ನಬೇಕು. ಆಗ ತಾಯಿ, "ಅವನು ಬಂದ್ಮೇಲೆ ಮಾಡ್ತಾನೆ, ನೀನು ಶುರು ಮಾಡು" ಅನ್ನುತ್ತಿದ್ದಳು. ಅಪ್ಪ ತೀರಿಕೊಂಡ, ಹ್ವಾನ್‌ಗೆ ಮದುವೆಯಾಯಿತು, ತಲೆ ನರೆಯಿತು. ಈ ಎರಡು ಮಾತು ಮಾತ್ರ ಒಂದು ರಾತ್ರಿಯೂ ತಪ್ಪಲಿಲ್ಲ.

ಹ್ವಾನ್‌ಗೂ ಇಪ್ಪತ್ತಾದ ವರ್ಷ ತಾಯಿ ಬಂದು ಅವನೆದುರು ಕುಳಿತಿದ್ದಳು. "ನಿಮ್ಮಣ್ಣನ ಮುಖ ಮರ್ತುಹೋಗ್ತಾ ಇದೆ ಕಣೋ. ಬರೆದುಕೊಡು." ಇದ್ದೊಂದು ಫೋಟೊ ಬಾಂಬು ಬಿದ್ದಾಗ ಮನೆಯೊಂದಿಗೆ ಸುಟ್ಟುಹೋಗಿತ್ತು. ಮೂಗು ಅಪ್ಪನದು, ಕಿವಿ ಸೋದರಮಾವನದು, ಉಳಿದದ್ದೆಲ್ಲ ನಿನ್ನದೇ ಎಂದಳು. ಅವನು ಕನ್ನಡಿ ನೋಡಿಕೊಂಡು ಬರೆದ. ಬಾಯೊಂದನ್ನು ಮಾತ್ರ ನೆನಪಿನಿಂದ ಬರೆದ. ತಾಯಿ ತುಂಬ ಹೊತ್ತು ನೋಡಿ, "ಚೆನ್ನಾಗಿದೆ, ಎತ್ತಿಡು. ಬಂದಾಗ ಅವನಿಗೇ ತೋರಿಸೋಣ" ಎಂದಳು. ಪೀಠದ ಮೇಲಿಡಲಿಲ್ಲ, ಒಂದು ಊದುಬತ್ತಿ ತೋರಿಸಲೂ ಬಿಡಲಿಲ್ಲ. ಬದುಕಿರುವವನಿಗೆ ಊದುಬತ್ತಿ ಹಚ್ಚುವ ಪಾಪ ಯಾರಿಗೆ ಬೇಕು?

ಚಿತ್ರ ಬಟ್ಟೆ ಸುತ್ತಿಸಿಕೊಂಡು ಬೀರುವಿನ ಮೇಲೆ ಮಲಗಿತು. ಹ್ವಾನ್‌ಗೆ ವಯಸ್ಸಾಯಿತು, ಅದಕ್ಕಾಗಲಿಲ್ಲ. ಈಗ ಅದೇ ಕೆಳಗಿಳಿದು ತನ್ನ ಕೈಯೊಳಗೆ ಸೇರಿಕೊಂಡಿದೆ ಎಂದು ಅವನಿಗೆ ಖಾತ್ರಿಯಾಗಿತ್ತು. ಊರಿನ ಕಲಾ ಸಂಘವೊಂದು ಚಿತ್ರಸಂತೆ ಮಾಡುತ್ತದೆಂದು ತಿಳಿದಾಗ ಅವನಿಗೆ ಹೊಳೆದದ್ದು ಒಂದೇ. ಮಾರಿಬಿಡಬೇಕು. ದೂರದವರು ಯಾರಾದರೂ ಕೊಂಡು ಒಯ್ದರೆ ಮುಖ ಮನೆ ಬಿಡುತ್ತದೆ, ಮನೆ ಬಿಟ್ಟರೆ ಕೈಯನ್ನೂ ಬಿಡುತ್ತದೆ.

"ಅತ್ತೆಗೆ ಏನು ಹೇಳ್ತೀರಿ?" ಎಂದಳು ಹೆಂಡತಿ ಮಿಯೆನ್.

"ಅವರಿಗೆ ಈಗ ಕಣ್ಣು ಅಷ್ಟಕ್ಕಷ್ಟೆ. ಗೊತ್ತಾಗಲ್ಲ."

"ಅಮ್ಮಂಗೆ ಕಣ್ಣು ಮಂಜಾಯ್ತು ಅಂತ ಮಗನಿಗೆ ಸಂತೋಷ. ಭೇಷ್." ಹಾಗೆಂದರೂ ಸೈಕಲ್ಲಿಗೆ ಕಟ್ಟಲು ಹಗ್ಗ ತಂದುಕೊಟ್ಟಳು.

ಸಂತೆ ಕಾರ್ಮಿಕರ ಸಭಾಭವನದಲ್ಲಿ. ಅದರ ವ್ಯವಸ್ಥೆಯೋ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಿತ್ತು. ಹ್ವಾನ್‌ಗೆ ಹೇಳಿದ್ದ ಜಾಗದಲ್ಲಿ ಐಸ್‌ಕ್ರೀಮ್ ಪೆಟ್ಟಿಗೆ ಕೂತಿತ್ತು. ಚಿತ್ರ ತೂಗುಹಾಕುವ ಹಲಗೆಗಳನ್ನು ಬೆಳಿಗ್ಗೆ ಬೇಗ ಬಂದವರು ಬಾಚಿಕೊಂಡಿದ್ದರು. ಉಸ್ತುವಾರಿಯ ಹುಡುಗ ಕ್ವೀ ಎರಡು ಕಿವಿಗೂ ಫೋನು ಹಿಡಿದು ಓಡಾಡುತ್ತಿದ್ದ.

"ಚಿಕ್ಕಪ್ಪ, ವೇದಿಕೆ ಖಾಲಿ ಇದೆಯಲ್ಲ, ಅಲ್ಲೇ ಒರಗಿಸಿಬಿಡಿ. ಎಲ್ರಿಗೂ ಕಾಣುತ್ತೆ."

"ಹಿಂದೆ ಆ ಕೆಂಪು ಬಟ್ಟೆ ಏನಪ್ಪಾ?"

"ಅದು ಹೋದ ವಾರದ ಕಾರ್ಯಕ್ರಮದ್ದು. ಆಮೇಲೆ ತೆಗೆಸ್ತೀನಿ."

ಆಮೇಲೆ ಎಂಬುದು ಬರಲೇ ಇಲ್ಲ. ಹೋದ ವಾರದ ಕಾರ್ಯಕ್ರಮ ಹುತಾತ್ಮರ ದಿನದ್ದು. ಗೋಡೆಯಗಲದ ಕೆಂಪು ಬಟ್ಟೆಯ ಮೇಲೆ ಹಳದಿ ಅಕ್ಷರದಲ್ಲಿ, ಯುದ್ಧದಲ್ಲಿ ಮಡಿದವರಿಗೆ ನಮನ ಎಂದು ಬರೆದಿತ್ತು. ಅದರ ಕೆಳಗೆ ಹ್ವಾನ್ ತನ್ನ ಕಪ್ಪು ಬಿಳುಪು ಮುಖಗಳನ್ನು ಸಾಲಾಗಿ ನಿಲ್ಲಿಸಿದ, ನಡುವೆ ಅಣ್ಣನನ್ನು. ಬುದ್ಧಿಯಿದ್ದವನಾದರೆ ಅಲ್ಲೇ ತಡೆಯಬೇಕಿತ್ತು. ಅವನ ತಲೆಯಲ್ಲಿ ಮಾರುವುದೊಂದೇ ಇತ್ತು.

ಪಕ್ಕದಲ್ಲಿ ಕಮಲದ ಹೂ, ಎಮ್ಮೆಗಳನ್ನು ಬಿಡಿಸಿ ಅರಗಿನ ಮೆರುಗು ಕೊಟ್ಟ ಚಿತ್ರ ಮಾರುವ ಲೂಯೆನ್ ಎಂಬ ಹೆಂಗಸು. ಬಾಯಿ ಜೋರು, ಮನಸ್ಸು ಒಳ್ಳೆಯದು. ಬೆಳಿಗ್ಗೆ ಮೊದಲು ಬಂದ ಗಿರಾಕಿ ಇಬ್ಬರ ಸಾಮಾನನ್ನೂ ಮುಟ್ಟಿ, ಚೌಕಾಸಿ ಮಾಡಿ, ಬರಿಗೈಯಲ್ಲಿ ಎದ್ದುಹೋದ.

"ಹಾಳಾದೋನು, ಬೋಣೀನೇ ಕೆಡಿಸಿದ" ಎಂದು ಲೂಯೆನ್ ಒಂದು ವೃತ್ತಪತ್ರಿಕೆ ಸುರುಳಿ ಸುತ್ತಿ ಹೊತ್ತಿಸಿದಳು. ಕೆಟ್ಟ ಕಾಲ್ಗುಣ ಓಡಿಸಲು ತನ್ನ ಅಂಗಡಿಯ ಸುತ್ತ ನಿವಾಳಿಸಿದ ಮೇಲೆ ಹ್ವಾನ್‌ನ ಚಿತ್ರಗಳ ಮುಂದೆಯೂ ಆಡಿಸಿದಳು. "ನೋಡು, ನಿನಗೂ ಸೇರಿಸಿ ಸುಟ್ಟಿದೀನಿ. ಬೋಣಿ ಆದ್ರೆ ಟೀ ಕೊಡಿಸ್ಬೇಕು."

ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲು ಕವಿದ ಸಭಾಭವನ, ಕೆಂಪು ಬಟ್ಟೆ, ಹೊಗೆಯೊಳಗೆ ಸಾಲು ಮುಖಗಳು. ಬಾಗಿಲಿಂದ ಒಳಬಂದ ಇಬ್ಬರು ಮುದುಕಿಯರು ಚಪ್ಪಲಿ ಬಿಟ್ಟು, ಕೈಮುಗಿದು, ಮೂರು ಸಲ ಬಾಗಿದರು. ಅವರ ಚೀಲದಲ್ಲಿ ಊದುಬತ್ತಿಯೂ ಇತ್ತು, ದೇವಸ್ಥಾನಕ್ಕೆ ಹೊರಟವರೋ ಏನೋ. ಹಚ್ಚಿದವರು ಐಸ್‌ಕ್ರೀಮಿನ ಖಾಲಿ ಡಬ್ಬಿಯಲ್ಲಿ ಮಣ್ಣು ತುಂಬಿಸಿ ಅಣ್ಣನೆದುರು ನೆಟ್ಟರು. ಆಮೇಲೆ ಬಂದವರು ಉರಿಯುವ ಊದುಬತ್ತಿ ನೋಡಿ ಬಾಗಿದರು, ಅವರನ್ನು ನೋಡಿ ಮತ್ತೆ ಬಂದವರು ಬಾಗಿದರು. ಯಾರೋ ಬಾಳೆಹಣ್ಣಿನ ಚಿಪ್ಪಿಟ್ಟರು. ಒಬ್ಬ ನಿವೃತ್ತ ಸೈನಿಕ ಸಿಗರೇಟು ಹೊತ್ತಿಸಿ ಚಿತ್ರದ ಮುಂದಿಟ್ಟು, "ಸೇದು ತಮ್ಮ" ಎಂದು ಸೆಲ್ಯೂಟ್ ಹೊಡೆದು ಹೋದ.

ಹ್ವಾನ್ ಎದ್ದು ನಿಂತಿದ್ದ. ಇದು ಅಂಗಡಿ, ಮಾರಾಟಕ್ಕಿದೆ ಎನ್ನಬೇಕೆಂದು ಬಾಯಿ ತೆರೆದ. ಅಳುತ್ತಿರುವವರ ಮುಂದೆ ಹೇಗೆ ಹೇಳುವುದು? ಮನೆಯಲ್ಲಿ ತಾಯಿ ಇಷ್ಟು ವರ್ಷ ಬದುಕಿಸಿಟ್ಟವನನ್ನು ಊರವರೆಲ್ಲ ಸೇರಿ ಅವನ ಕಣ್ಣೆದುರೇ ಸಾಯಿಸುತ್ತಿದ್ದರು, ಅದೂ ಅಷ್ಟು ಅಕ್ಕರೆಯಿಂದ. ಹೊಗೆಯ ಆಚೆ ಅಣ್ಣನ ತುಟಿಯ ಮೂಲೆ ಅಲುಗಿದಂತಾಯಿತು. ಅವನು ನಿಜವಾಗಿ ಹೆದರಿದ.

ಜನ ಕರಗಿದ ಮೇಲೆ ಒಬ್ಬ ಅಜ್ಜಿ ಉಳಿದಳು. ವೇದಿಕೆಯ ಅಂಚಿನಲ್ಲಿ ಕುಳಿತು ಅಣ್ಣನನ್ನೇ ನೋಡುತ್ತಿದ್ದಳು.

"ಇದು ಮಾರೋದಂತೆ, ಹೌದಾ?"

"ಹೌದಜ್ಜಿ."

"ನನ್ನ ಮಗನೂ ಹೀಗೇ ಹೋದ. ಒಂದು ಫೋಟೊನೂ ಇಲ್ಲ, ಚಿತ್ರವಿಲ್ಲದ ಬರೀ ಗಾಜಿನ ಚೌಕಟ್ಟು ಇಟ್ಟು ಪೂಜೆ ಮಾಡ್ತೀನಿ. ಇವನನ್ನ ಕೊಡು. ಇಬ್ರನ್ನೂ ಒಟ್ಟಿಗೆ ನೋಡ್ಕೋತೀನಿ." ಸೊಂಟದ ಚೀಲ ಬಿಚ್ಚತೊಡಗಿದಳು.

ಲೂಯೆನ್ ಅವನ ಪಕ್ಕೆ ತಿವಿದು, "ಬೋಣಿ ಕಣೋ, ಬಿಡಬೇಡ" ಎಂದು ಪಿಸುಗುಟ್ಟಿದಳು. ಅವನು ಬೇಡಿಕೊಂಡು ಬಂದಿದ್ದು ಇದನ್ನೇ ಅಲ್ಲವೇ? ಚಿತ್ರ ಎತ್ತಿ ಬಟ್ಟೆ ಸುತ್ತಲು ಶುರುಮಾಡಿದ.

"ಒಂದು ಮಾತು" ಎಂದಳು ಅಜ್ಜಿ. "ಇವನಿಗೆ ಊಟ ಇಡೋರು ಯಾರಾದ್ರೂ ಇದಾರಾ? ಇದ್ರೆ ನಾನು ಒಯ್ಯಬಾರದು."

ಇಲ್ಲ ಎಂದರೆ ಮುಗಿಯುತ್ತಿತ್ತು. ಹ್ವಾನ್‌ನ ಕೈಯಲ್ಲಿ ಬಟ್ಟೆ ಹಾಗೇ ನಿಂತಿತು.

"ಇದಾರೆ ಅಜ್ಜಿ. ತಾಯಿ ಇದಾಳೆ. ನನ್ನ ತಾಯಿ."

ಅಜ್ಜಿ ಚೀಲದ ದಾರ ಮತ್ತೆ ಬಿಗಿದಳು. "ತಾಯಿ ಇರೋ ಮಗನ್ನ ಸಂತೇಲಿ ಇಟ್ಟಿದೀಯಲ್ಲಪ್ಪ" ಎಂದಳು. ಬೈಗುಳದ ದನಿಯಿರಲಿಲ್ಲ. ಅವಳು ಬೈದಿದ್ದರೇ ಅವನಿಗೆ ಹಗುರಾಗುತ್ತಿತ್ತು.

ಊಟದ ಹೊತ್ತಿಗೆ ಅವನು ಮನೆ ಮುಟ್ಟಿದ. ಚಾಪೆ ಹಾಸಿ, ನಾಲ್ಕು ಬಟ್ಟಲು ಇಟ್ಟಾಗಿತ್ತು. ಬಟ್ಟೆಯ ಗಂಟನ್ನು ತಾಯಿಯ ಬೆನ್ನ ಹಿಂದಿನಿಂದ ಒಳಗೆ ಸಾಗಿಸಹೊರಟವನು ಅವಳ ತಲೆ ಮೇಲೆದ್ದದ್ದು ನೋಡಿ ನಿಂತ. ಕಣ್ಣು ಮಂಜಾದರೇನು, ಮೂಗು ಚೆನ್ನಾಗಿಯೇ ಇತ್ತು.

"ಏನದು ಊದುಬತ್ತಿ ವಾಸನೆ? ತಾ ಇಲ್ಲಿ."

ಅವನು ತಂದು ತೊಡೆಯ ಮೇಲಿಟ್ಟ. ತಾಯಿ ಬಟ್ಟೆ ಬಿಚ್ಚಿ, ಚೌಕಟ್ಟಿನ ಮೂಲೆಗಳನ್ನು ಬೆರಳಿನಿಂದ ತಡವಿದಳು. ಬೆರಳಿಗೆ ಬೂದಿ ಅಂಟಿತು.

"ಯಾರು ಹಚ್ಚಿದ್ದು?"

"ಜನ, ಅಮ್ಮ. ಅವರಿಗೆ ಗೊತ್ತಿರಲಿಲ್ಲ. ಪೀಠ ಅಂದ್ಕೊಂಡ್ರು."

"ತುಂಬಾ ಜನವಾ?"

"ತುಂಬಾ ಜನ."

ಮಿಯೆನ್ ಅನ್ನದ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ತಾಯಿ ಕಿರುಚುತ್ತಾಳೆ, ಶಪಿಸುತ್ತಾಳೆ ಎಂದು ಹ್ವಾನ್ ಕಾದ.

"ಅತ್ತರಾ?"

"ಕೆಲವರು ಅತ್ತರು. ಒಬ್ಬ ಸಿಗರೇಟು ಹಚ್ಚಿಟ್ಟ."

"ನಿಮ್ಮಣ್ಣ ಸೇದ್ತಿದ್ದ" ಎಂದಳು ತಾಯಿ. "ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದ." ಆಮೇಲೆ ಸೊಸೆಯ ಕಡೆ ತಿರುಗಿ ಕೇಳಿದಳು, "ಇವತ್ತು ತಿಂಗಳ ಎಷ್ಟನೇ ದಿನ, ಚಂದ್ರನ ಲೆಕ್ಕದಲ್ಲಿ?"

"ಇಪ್ಪತ್ತೊಂದು, ಅತ್ತೆ."

"ಇದೇ ಇರಲಿ ಅವನ ತಿಥಿ. ಯಾವುದೋ ಒಂದು ದಿನ ಬೇಕಲ್ಲ."

ನೆಲಕ್ಕೆ ಕೈಯೂರಿ ಎದ್ದಳು. ಚಾಪೆಯ ಮೇಲಿಂದ ದಾತ್‌ನ ಬಟ್ಟಲನ್ನು ತಾನೇ ಎತ್ತಿಕೊಂಡು, ಸೊಸೆಯಿಂದ ಅದಕ್ಕೆ ಅನ್ನ ಹಾಕಿಸಿಕೊಂಡು, ಗಂಡನ ಚಿತ್ರದ ಪಕ್ಕ ಪೀಠದ ಮೇಲಿಟ್ಟಳು. ಹ್ವಾನ್ ಅಣ್ಣನನ್ನು ಅದರ ಹಿಂದೆ ನಿಲ್ಲಿಸಿ ಊದುಬತ್ತಿ ಹಚ್ಚಿದ. ಗಾಜಿನಲ್ಲಿ ಅವನ ನರೆತ ಮುಖ ಅಣ್ಣನ ಮುಖದ ಮೇಲೆ ಸರಿಯಾಗಿ ಕೂತಿತು. ಅದೇ ಹಣೆ, ಅದೇ ಗಲ್ಲ. ಬಾಯೊಂದು ಅಣ್ಣನದೇ ಉಳಿಯಿತು.

ಮೂವರೂ ಚಾಪೆಯ ಮೇಲೆ ಕುಳಿತರು. ಬಟ್ಟಲಿಲ್ಲದ ಜಾಗದಲ್ಲಿ ಒಂದು ದುಂಡನೆ ಕಲೆಯಿತ್ತು, ಯಾರೂ ಅದರ ಕಡೆ ನೋಡಲಿಲ್ಲ. ಹ್ವಾನ್ "ಅಮ್ಮ, ಊಟ ಮಾಡಿ" ಎಂದ. ಆಮೇಲೆ ಪೀಠದ ಕಡೆ ತಿರುಗಿ, "ಅಣ್ಣ, ಊಟ ಮಾಡು" ಎಂದ.

ಅಂದೂ ಅಭ್ಯಾಸದಂತೆ, ಅವನು ಬಂದ್ಮೇಲೆ ಮಾಡ್ತಾನೆ ಎಂಬ ತಾಯಿಯ ಮಾತಿಗೆ ಕಾದ. ತಾಯಿ ತಲೆ ತಗ್ಗಿಸಿ ಕಡ್ಡಿ ಎತ್ತಿಕೊಂಡಳು, ಏನೂ ಹೇಳಲಿಲ್ಲ.