ಲಿಯೋಟಾಳ ಕಣ್ಣಿನ ಹುಳು

ಲಿಯೋಟಾ ವಾಂಡ್ರಾಗೆ ಹೇಸಿಗೆ ಎಂದರೇನೆಂದೇ ಗೊತ್ತಿಲ್ಲ ಎಂದು ನಮ್ಮ ಬೀದಿಯವರೆಲ್ಲ ಹೇಳುತ್ತಿದ್ದರು. ನದಿ ದಂಡೆಯ ಹಂದಿ ಮಾಂಸದ ಕಾರ್ಖಾನೆಯಲ್ಲಿ, ಕರುಳಿನ ಮೇಜಿನ ಮುಂದೆ ನಿಂತೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ಬಿಸಿ ಆರದ ಕರುಳನ್ನು ಸೀಳಿ, ಒಳಗಿನದನ್ನು ಹಿಂಡಿ ತೊಳೆಯುವ ಕೆಲಸ. ಹೊಸದಾಗಿ ಸೇರಿದ ಗಂಡಸರು ಬಕೆಟ್ಟಿಗೆ ಬಾಗುತ್ತಿದ್ದರೆ ಇವಳು ಅಲ್ಲೇ ಏಪ್ರನ್ನಿಗೆ ಕೈ ಒರೆಸಿಕೊಂಡು ಬ್ರೆಡ್ಡು ತಿನ್ನುತ್ತಿದ್ದಳಂತೆ. ಚರ್ಚಿನ ಊಟದಲ್ಲಿ ಕರುಳೊಳಗಿನ ಬಿಳಿ ಹುಳುಗಳ ಗಂಟಿನ ವರ್ಣನೆ ಶುರು ಮಾಡಿದಳೆಂದರೆ, ತಟ್ಟೆ ಹಿಡಿದವರು ಒಬ್ಬೊಬ್ಬರಾಗಿ ಜಾಗ ಬದಲಿಸುತ್ತಿದ್ದರು.

ನಾವು ಅವಳ ಪಕ್ಕದ ಮನೆಗೆ ಬಂದಾಗ ಅವಳ ಗಂಡ ಎಮಿಲ್ ತೀರಿಕೊಂಡು ವರ್ಷವಾಗಿತ್ತು. ಮಾತಾಡಲು ಜನ ಸಾಲದೆಯೋ ಏನೋ, ಅವಳು ರಕೂನುಗಳಿಗೆ ಊಟ ಹಾಕುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಹೊತ್ತು ಮುಳುಗುವಾಗ ಹಿತ್ತಿಲ ಮೆಟ್ಟಿಲ ಮೇಲೆ ಬೆಕ್ಕಿನ ತಿನಿಸು, ಹಳಸಿದ ಡೋನಟ್ಟು ಇಡುವಳು. ಕಣ್ಣಿಗೆ ಕರಿ ಪಟ್ಟಿ ಕಟ್ಟಿಕೊಂಡ ಕಳ್ಳರ ಹಾಗಿರುವ ಆ ದಢೂತಿ ಪ್ರಾಣಿಗಳು ಮರಿಗಳ ಸಮೇತ ಬಂದು, ಮನುಷ್ಯರದಂಥ ಪುಟ್ಟ ಕೈಗಳಿಂದ ಬಾಚಿ ತಿನ್ನುವವು. ತಿಂದದ್ದನ್ನು ಕಳೆಯಲು ಅವಕ್ಕೆ ಗೊತ್ತಾದ ಜಾಗಗಳಿದ್ದವು. ಒಂದು, ಅವಳ ಗ್ಯಾರೇಜಿನ ಅಟ್ಟ. ಇನ್ನೊಂದು, ನಮ್ಮ ಎರಡೂ ಹಿತ್ತಿಲುಗಳ ನಡುವೆ ಬಿದ್ದಿದ್ದ ಮರದ ದಿಮ್ಮಿ. ಎಲ್ಲವೂ ಅಲ್ಲೇ, ಹಳೆಯದರ ಮೇಲೆ ಹೊಸದು. ಅರಗದ ಜೋಳದ ಕಾಳು, ಹಿಪ್ಪುನೇರಳೆ ಬೀಜ ಮೆತ್ತಿಕೊಂಡ ಕಪ್ಪು ರಾಶಿ. ಮೇಲೆ ಹಸಿರು ನೊಣ.

"ಲಿಯೋಟಾ, ನಿನ್ನ ನೆಂಟರ ನಾತಕ್ಕೆ ಅಡುಗೆಮನೆ ಕಿಟಕಿ ತೆಗೆಯೋಕಾಗ್ತಿಲ್ಲ," ಎಂದೆ ಒಂದು ದಿನ.

"ಅಯ್ಯ, ಹೋಗೇ ಜೋಲೀನ್! ನಿನ್ ಮಗ ಡೈಪರಲ್ಲಿ ಮಾಡೋದೇನು ಗುಲಾಬಿ ಹೂವಾ?"

ಆದರೂ ಮಾತು ನಾಟಿತೇನೋ. ಆ ವಸಂತದಲ್ಲಿ ಅಟ್ಟ ಹತ್ತಿ ಗುಡಿಸಿದಳು. ಮೂಗಿಗೆ ಬಟ್ಟೆಯಿಲ್ಲ, ಕೈಗೆ ಗವಸಿಲ್ಲ. ಒಣಗಿದ ಹೇಲಿನ ಧೂಳು ಗ್ಯಾರೇಜಿನ ಬಾಗಿಲಿನಿಂದ ಹೊಗೆಯಂತೆ ಹೊರಬರುತ್ತಿತ್ತು. ಕೆಳಗಿಳಿದಾಗ ಅವಳ ಹುಬ್ಬು, ತುಟಿಯೆಲ್ಲ ಕಂದು. ನಾನು ಒಯ್ದಿದ್ದ ತಟ್ಟೆಯಿಂದ ಏಪ್ರಿಕಾಟ್ ತುಂಬಿದ ಕೊಲಾಚಿ ಬನ್ನನ್ನು ಅದೇ ಕೈಯಲ್ಲಿ ಎತ್ತಿ ಬಾಯಿಗಿಟ್ಟುಕೊಂಡಳು.

"ಕೈನಾದ್ರೂ ತೊಳ್ಕೋ, ಥೂ!"

"ಕರುಳಲ್ಲಿ ಮುಳುಗಿದ ಕೈ ಕಣೇ ಇದು. ಈ ಪುಡಿಗೆಲ್ಲ ಏನಾಗುತ್ತೆ?" ಎಂದು ಬೆರಳು ಚೀಪಿದಳು. ತಟ್ಟೆಯಲ್ಲಿ ಉಳಿದದ್ದನ್ನು ಅವಳಿಗೇ ಬಿಟ್ಟು ಬಂದೆ. ಗುಡಿಸಿದ್ದನ್ನು ಅವಳು ಟೊಮೆಟೊ ಗಿಡಗಳ ಬುಡಕ್ಕೆ ಸುರಿದಳು.

ಬೇಸಿಗೆಯ ನಡುವೆ ಅವಳು ಕಾಫಿಯನ್ನು ಕಪ್ಪಿನ ಪಕ್ಕಕ್ಕೆ ಸುರಿಯತೊಡಗಿದಳು. "ಬಲಗಣ್ಣಲ್ಲಿ ಹೊಗೆ ಕೂತಂಗಿದೆ. ಪೊರೆ ಇರ್ಬೇಕು, ವಯಸ್ಸಾಯ್ತಲ್ಲ," ಎಂದಳು. ಮಗು ಗಸ್‌ನನ್ನು ಹಿಂದಿನ ಸೀಟಿಗೆ ಕಟ್ಟಿ, ನಾನೇ ಅವಳನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ.

ಡಾಕ್ಟರಮ್ಮ ದೀಪ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ನಿಮ್ಮ ಮನೆ ಹತ್ರ ರಕೂನುಗಳಿದಾವಾ?"

"ಇಲ್ದೆ ಏನು? ನಾನೇ ಊಟ ಹಾಕೋದು," ಎಂದು ಲಿಯೋಟಾ ನಕ್ಕಳು.

"ನಿಮ್ಮ ಕಣ್ಣೊಳಗೆ ಹುಳ ಇದೆ. ಜೀವ ಇದೆ ಅದಕ್ಕೆ. ನಾನು ನೋಡ್ತಿದ್ದಂಗೇ ಸರೀತು."

ಲಿಯೋಟಾ ಕೈ ಮೇಲೆತ್ತಿದಳು, ಕಣ್ಣು ಕಿತ್ತೇ ಬಿಡುತ್ತಾಳೇನೋ ಎನ್ನಿಸಿತು. ಹಾಗೆ ಮಾಡದೆ ಕಸದ ಡಬ್ಬಿಗೆ ಬಾಗಿ ವಾಂತಿ ಮಾಡಿದಳು. ಹೊಟ್ಟೆಯಲ್ಲಿ ಏನೂ ಉಳಿಯದ ಮೇಲೂ ಅವಳ ಓಕರಿಕೆ ನಿಲ್ಲಲಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದಳು. ರಕೂನಿನ ಕರುಳಲ್ಲಿ ದುಂಡು ಹುಳುಗಳಿರುತ್ತವೆ. ಹೇಲಿನಲ್ಲಿ ಅವುಗಳ ಮೊಟ್ಟೆ ಹೊರಬೀಳುತ್ತವೆ, ಕೆಲವು ವಾರಗಳಲ್ಲಿ ಬಲಿಯುತ್ತವೆ, ಒಣ ಧೂಳಿನಲ್ಲೂ ಮಣ್ಣಿನಲ್ಲೂ ವರ್ಷಗಟ್ಟಲೆ ಕಾಯುತ್ತವೆ. ಮನುಷ್ಯರ ಬಾಯಿಗೆ ಹೋದರೆ ಹೊಟ್ಟೆಯಲ್ಲಿ ಮೊಟ್ಟೆ ಒಡೆದು, ಮರಿಹುಳು ದಾರಿ ತಪ್ಪಿದವರ ಹಾಗೆ ಮೈಯೆಲ್ಲ ಕೊರೆದು ಅಲೆಯುತ್ತದೆ.

"ಕಣ್ಣಿಗೆ ಬಂದದ್ದು ಮಿದುಳಿಗೆ ಹೋಗಲ್ವಾ?" ಎಂದೆ.

"ಹೋಗಬಹುದು. ನಮಗೆ ಜಾಸ್ತಿ ಭಯ ಪುಟ್ಟ ಮಕ್ಕಳದು. ಮಣ್ಣು ತಿಂತಾರಲ್ಲ, ರಾಶಿ ಮೊಟ್ಟೆ ಒಳಗೆ ಹೋಗುತ್ತೆ. ಕೆಲವರು ಉಳಿಯಲ್ಲ. ಉಳಿದ್ರೂ ಮೊದಲಿನ ಹಾಗೆ ಆಗೋದು ಕಷ್ಟ."

ಗಸ್ ನನ್ನ ತೊಡೆಯ ಮೇಲೆ ಕುಳಿತು ಹೆಬ್ಬೆರಳು ಚೀಪುತ್ತಿದ್ದ. ಉಗುರಿನ ಸಂದಿಯಲ್ಲಿ ಕಪ್ಪು ಮಣ್ಣು. ಆ ಬೆರಳನ್ನು ಬಾಯಿಂದ ಎಳೆದೆ. ಅವನು ಕಿರುಚಿದ.

ಲಿಯೋಟಾ ಡಬ್ಬಿಯಿಂದ ತಲೆ ಎತ್ತಲಿಲ್ಲ. ಅಲ್ಲಿಂದಲೇ ಹೇಳಿದಳು: "ಮೊನ್ನೆ ಅವ್ನು ದಿಮ್ಮಿ ಹತ್ರ ಕೂತಿದ್ದ, ಜೋಲೀನ್. ನೀನು ಬಟ್ಟೆ ಒಣಗಿಸ್ತಿದ್ದೆ. ಬಾಯಲ್ಲಿ ಒಣಗಿದ್ ಉಂಡೆ ಇತ್ತು. ಬೆರಳು ಹಾಕಿ ನಾನೇ ತೆಗೆದೆ. ನಿಂಗೆ ಹೇಳಿದ್ರೆ ರಕೂನುಗಳನ್ನ ಓಡಿಸು ಅಂತೀಯಾ ಅಂತ... ಹೇಳ್ಲಿಲ್ಲ."

ಅವಳನ್ನು ಹೊಡೆಯಬೇಕೆನ್ನಿಸಿತು. ಆದರೆ ಅವಳು ಆ ಮಾತನ್ನು ನುಂಗಿಕೊಂಡಿದ್ದರೆ ಏನಾಗುತ್ತಿತ್ತೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ರೋಗದ ಗುರುತು ಕಾಣುವವರೆಗೆ ಕಾದರೆ ಮದ್ದು ನಾಟುವುದು ಕಷ್ಟವಂತೆ. ಅಂದೇ ಗಸ್‌ಗೆ ಹುಳುವಿನ ಔಷಧಿ ಶುರುವಾಯಿತು. ಆ ವಾರಗಳಲ್ಲಿ ಅವನು ಎಡವಿದರೂ ನನ್ನ ಜೀವ ಹೋಗುತ್ತಿತ್ತು; ಜಾಸ್ತಿ ನಿದ್ದೆ ಮಾಡಿದರೂ ಹೋಗುತ್ತಿತ್ತು. ಅವನ ಹಣೆಗೆ ಮುತ್ತಿಡುವಾಗಲೂ, ಆ ಚರ್ಮದ ಹಿಂದೆ ಏನಾದರೂ ಹರಿದಾಡುತ್ತಿದೆಯೋ ಎಂದು ಮೈ ಜುಮ್ಮೆನ್ನುತ್ತಿತ್ತು. ಮಗನ ಮೇಲೇ ಹೇಸಿಗೆ ಹುಟ್ಟಿಸಿದ ಆ ಪ್ರಾಣಿಗಳನ್ನು, ಅವಳನ್ನು, ದಿನವೂ ಶಪಿಸಿದೆ.

ಲಿಯೋಟಾಳ ಕಣ್ಣೊಳಗಿನ ಹುಳುವನ್ನು ಲೇಸರಿನಿಂದ ಸುಟ್ಟರು. ನೋಟದ ನಡುಭಾಗ ಮರಳಲಿಲ್ಲ. ಆಸ್ಪತ್ರೆಯಿಂದ ಬಂದವಳೇ ಬಾಯಿಗೆ ಮುಸುಕು, ಮೊಣಕೈವರೆಗೆ ರಬ್ಬರು ಗವಸು ಹಾಕಿ ನಿಂತಳು. ಬ್ಲೀಚಿಗೆ ಆ ಮೊಟ್ಟೆಗಳು ಸಾಯುವುದಿಲ್ಲ, ಕುದಿ ನೀರು ಇಲ್ಲವೇ ಬೆಂಕಿಯೇ ಬೇಕು. ಅಟ್ಟಕ್ಕೆ ಹಂಡೆಗಟ್ಟಲೆ ಕುದಿ ನೀರು ಹೊತ್ತಳು. ಟೊಮೆಟೊ ಗಿಡಗಳನ್ನು ಕಾಯಿ ಸಮೇತ ಕಿತ್ತು, ಮೇಲ್ಮಣ್ಣು ಕೆರೆದು ಚೀಲಕ್ಕೆ ತುಂಬಿದಳು. ದಿಮ್ಮಿಗೆ ಗ್ಯಾಸಿನ ಜ್ವಾಲೆ ಉಗುಳುವ ಕೊಳವೆ ಹಿಡಿದಾಗ ಎದ್ದ ವಾಸನೆ ಬೀದಿಯ ತುದಿವರೆಗೂ ಹೋಯಿತು. ನಡುನಡುವೆ ಬೇಲಿಗೆ ಒರಗಿ ಓಕರಿಸುವಳು, ಬಾಯಿ ಮುಕ್ಕಳಿಸುವಳು, ಮತ್ತೆ ಆ ಕೊಳವೆ ಎತ್ತಿಕೊಳ್ಳುವಳು. ನಾನು ಕಿಟಕಿಯಿಂದ ನೋಡಿದೆ. ಸಹಾಯಕ್ಕೆ ಹೋಗಲಿಲ್ಲ.

ರಕೂನುಗಳಿಗೆ ಇದೇನೂ ತಿಳಿಯದು. ಅವು ಬಂದು ಅವಳ ಗಾಜಿನ ಬಾಗಿಲಿಗೆ ಪುಟ್ಟ ಕೈಗಳನ್ನು ಊರಿ ಒಳಗೆ ಇಣುಕಿದವು. ಅವಳು ಪೈಪು ಹಿಡಿದು ನೀರು ಹೊಡೆದಳು. "ನನ್ ಮನೇಲಿ ಉಂಡು ನನ್ ಕಣ್ಣಲ್ಲೇ ಹುಳ ಬಿಟ್ರಲ್ರೋ, ಹೇಸಿಗೆ ಮುಂಡೇವಾ!" ಎಂದು ಅಳುತ್ತ ಬಯ್ಯುವುದು ನಮಗೂ ಕೇಳಿಸುತ್ತಿತ್ತು. ಚಳಿಗಾಲ ಬರುವ ಹೊತ್ತಿಗೆ ಅವು ಬೇರೆ ಯಾರದೋ ಅಟ್ಟ ನೋಡಿಕೊಂಡವು.

ಮೊದಲ ಹಿಮ ಬಿದ್ದ ದಿನ ಅವಳು ಬೇಲಿಯ ಆಚೆಯಿಂದಲೇ ಕೇಳಿದಳು: "ಗಸ್ ಹೆಂಗಿದಾನೆ?"

"ಓಡ್ತಿದಾನೆ. ರಕ್ತ ಪರೀಕ್ಷೆಲಿ ಏನೂ ಇಲ್ಲ."

"ಸದ್ಯ," ಎಂದಳು. "ನಂದೊಂದು ಕಣ್ಣು ಹೋದ್ರೆ ಹೋಗ್ಲಿ ಬಿಡು. ಸುಟ್ರೂ ಅದರ ಹೆಣ ಒಳಗೇ ಇರುತ್ತಂತೆ, ಗೊತ್ತಾ? ಅದನ್ನಿಟ್ಕೊಂಡೇ ಊಟ ಮಾಡ್ತೀನಿ, ಅದನ್ನಿಟ್ಕೊಂಡೇ ಮಲಗ್ತೀನಿ."

ನಾನು ಅವಳನ್ನು ಕ್ಷಮಿಸಿದ್ದೇನೆ ಎಂದೇ ಅಂದುಕೊಂಡಿದ್ದೇನೆ. ಗಸ್ ಈಗ ಶಾಲೆಗೆ ಹೋಗುತ್ತಾನೆ. ಅವಳ ಮನೆ ಮುಂದಿನ ಹಿಮ ಗೋರಿ ಕೊಡುತ್ತಾನೆ. ಸೋಪಿನಿಂದ ತೊಳೆದೂ ತೊಳೆದೂ ಒಡೆದುಹೋದ ಕೈಯನ್ನು ಅವಳು ಅವನ ಕೆನ್ನೆಯತ್ತ ಚಾಚುತ್ತಾಳೆ. ಅದು ನನ್ನ ಕೈಗಿಂತ ಶುಚಿಯಾದ ಕೈ ಎಂದು ನನಗೆ ಗೊತ್ತು. ಆದರೂ ಮಗನ ಭುಜ ಹಿಡಿದು ಹಿಂದಕ್ಕೆ ಎಳೆದುಕೊಳ್ಳುತ್ತೇನೆ.